ಅರಬಿಯಲ್ಲಿ ಬದುಕಿದ ಎಡ್ವರ್ಡ್

ಪುಕ್ಕಟೆ ಟಿಕೇಟು ಕೈಗೆ ಬಂದ ದಿನವೇ ನನಗೆ ಅನುಮಾನ ಹುಟ್ಟಿತ್ತು. ಕಳಿಸಿದವರು ಭಾವ ಹಸನಬ್ಬ, ನನ್ನ ಅಕ್ಕ ನಫೀಸಾಳ ಗಂಡ. ವರ್ಷಗಟ್ಟಲೆಯಿಂದ ಬಹರೈನಿನಲ್ಲಿರುವ ಈ ಮನುಷ್ಯ ಊರಿಗೆ ಬಂದಾಗಲೆಲ್ಲ ನನಗೆ ಕೊಡುತ್ತಿದ್ದದ್ದು ಒಂದು ಸೋಪು, ಅದರ ಜೊತೆಗೆ ಬೇಕಾದಷ್ಟು ಉಪದೇಶ. ಅಂಥವರು ಬೊಂಬಾಯಿಯಿಂದ ಹೋಗಿ ಬರುವ ವಿಮಾನದ ಟಿಕೇಟನ್ನೂ ವಿಸಿಟ್ ವೀಸಾದ ಕಾಗದವನ್ನೂ ಊರಿನವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಕಾಲೇಜಿಗೆ ಬೇಸಿಗೆ ರಜೆ ಕೊಟ್ಟ ಕೂಡಲೇ ಬರಬೇಕು, ನಮ್ಮ ಅರ್ಬಾಬ್‌ಗೆ ನಿನ್ನನ್ನು ನೋಡಬೇಕಂತೆ, ಎಂದು ಹೇಳಿಕಳಿಸಿದ್ದರು. ಅರ್ಬಾಬ್ ಎಂದರೆ ಧಣಿ. ಆ ಧಣಿಯ ಹೆಸರಿನಲ್ಲೇ ಭಾವನ ವೀಸಾ, ಕೆಲಸ, ಕೋಣೆ, ಅನ್ನ ಎಲ್ಲವೂ ಇದ್ದವು. ಅಷ್ಟು ದೊಡ್ಡ ವ್ಯಾಪಾರಿಗೆ ಮಂಗಳೂರಿನಲ್ಲಿ ಇತಿಹಾಸ ಪಾಠ ಮಾಡುವ ನನ್ನಿಂದ ಏನಾಗಬೇಕಿತ್ತು?

ಅಕ್ಕನಿಗೂ ಅನುಮಾನ ಇತ್ತು, ಆದರೆ ಅದು ಬೇರೆ ಬಗೆಯದು. ಭಾವ ಕಾಗದ ಬರೆಯುವವರಲ್ಲ. ತಿಂಗಳಿಗೊಮ್ಮೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಮೊದಲೆಲ್ಲ ಎರಡೂ ಬದಿ ತುಂಬಿರುತ್ತಿತ್ತು; ಅಲ್ಲಿಯ ಮೀನಿನ ರುಚಿಯಿಂದ ಹಿಡಿದು ಇಲ್ಲಿಯ ಬಾವಿಯ ನೀರಿನವರೆಗೆ ಅವರು ಬಿಡದ ವಿಷಯವಿರಲಿಲ್ಲ. ಈಗೊಂದು ವರ್ಷದಿಂದ ಅರ್ಧ ಬದಿಗೇ ಮಾತು ಕಡಿದುಹೋಗುತ್ತಿತ್ತು. "ಆಯ್ತು, ಇಡ್ತೇನೆ" ಎಂದೂ ಹೇಳುತ್ತಿರಲಿಲ್ಲ, ಕಟಕ್ಕೆಂದು ನಿಲ್ಲುತ್ತಿತ್ತು. ಉಳಿದದ್ದು ಬರೀ ಸುಯ್ ಎನ್ನುವ ಸದ್ದು. ಅಕ್ಕ ಆ ಖಾಲಿ ಭಾಗವನ್ನೂ ಕೊನೆಯವರೆಗೆ ಕೂತು ಕೇಳುತ್ತಿದ್ದಳು, ಎಲ್ಲಿಯಾದರೂ ಒಂದು ಮಾತು ಉಳಿದಿದ್ದರೆ ಎಂದು.

"ಅಲ್ಲಿ ಎಂತ ಉಂಟು ಅಂತ ಸರಿಯಾಗಿ ನೋಡಿ ಬಾ. ಇನ್ನೊಂದು ಮನೆ ಗಿನೆ ಮಾಡಿದ್ದಾರಾ ಅಂತ ಬೇಕಾದ್ರೂ ನೋಡು. ನೋಡಿದ್ದನ್ನು ಅಷ್ಟೂ ನನಗೆ ಹೇಳ್ಬೇಕು," ಎಂದಳು. ಹೀಗೆ ನಾನು ಭಾವನ ಅತಿಥಿಯಾಗಿಯೂ ಅಕ್ಕನ ಗೂಢಚಾರನಾಗಿಯೂ ಹೊರಟೆ. ಹಳೆಯ ಕಾಲದ ರಾಯಭಾರಿಗಳೆಲ್ಲ ಹೀಗೆಯೇ ಇದ್ದರು ಎಂದು ನಾನು ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ.

ಮಂಗಳೂರಿನಿಂದ ಬೊಂಬಾಯಿಗೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ, ಮೇಲೆ ಮತ್ತಷ್ಟು ಹೊತ್ತು ಹಿಡಿಯಿತು. ಭಿಂಡಿ ಬಜಾರಿನಲ್ಲಿ ನಮ್ಮೂರಿನವರ ಕೋಣೆಯಲ್ಲಿ ಸ್ನಾನ ಮಾಡಿ, ಮರುದಿನ ಬೆಳಿಗ್ಗೆ ವಿಮಾನ ಹತ್ತಿದೆ. ನನ್ನ ಅಕ್ಕಪಕ್ಕದಲ್ಲಿ ಕೂತವರೆಲ್ಲ ಕೆಲಸಕ್ಕೆ ಹೋಗುವವರು. ಮಡಿಲಲ್ಲಿ ಉಪ್ಪಿನಕಾಯಿಯ ಡಬ್ಬಿ ಇಟ್ಟುಕೊಂಡಿದ್ದರು. ನನ್ನ ಚೀಲದಲ್ಲೂ ಅಕ್ಕ ಕೊಟ್ಟ ಒಣಮೀನು ಇತ್ತು. ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನ ಮೇಲೆ ಕಿಟಕಿಯಲ್ಲಿ ಹಸಿರು ಬಣ್ಣದ ತೆಳು ನೀರು, ಅದರ ನಡುವೆ ಹಪ್ಪಳದಂಥ ನೆಲ ಕಾಣಿಸಿತು. ಮುಹರ್ರಕ್ ವಿಮಾನ ನಿಲ್ದಾಣದ ಬಾಗಿಲು ದಾಟಿದಾಗ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿದಂತೆ ಶೆಕೆ ಬಂದು ಬಡಿಯಿತು. ನಮ್ಮ ಮೇ ತಿಂಗಳನ್ನು ಬೈಯುವವರು ಒಮ್ಮೆ ಇಲ್ಲಿಗೆ ಬಂದು ಹೋಗಬೇಕು.

ಭಾವ ಪಿಕಪ್ ತಂದಿದ್ದರು. ಸೊರಗಿದ್ದರು. ಸಲಾಂ ಹೇಳಿ, ಅಕ್ಕನ ಬಗ್ಗೆ ಎರಡು ಮಾತು ಕೇಳಿ, ಗಾಡಿ ಹೊರಡಿಸಿದರು. ಅಷ್ಟು ಮಾತಾಡುವ ಮನುಷ್ಯ ಸಮುದ್ರದ ಮೇಲಿನ ರಸ್ತೆಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಮನಾಮಾ ದಾಟಿ ಮೀನಾ ಸಲ್ಮಾನ್ ಬಂದರಿನ ಹತ್ತಿರ ಗೋದಾಮುಗಳ ಸಾಲು ಕಂಡ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಬಾಯಿ ತೆರೆದರು.

"ನೋಡು ಮಾರಾಯ, ಒಂದು ವಿಷಯ. ಕೋಣೆಯಲ್ಲಿ ಅರ್ಬಾಬ್ ಮನೆಯ ಮಾತು ತೆಗೀಬೇಡ. ಕೋಯ ಅಂತ ಒಬ್ಬ ಇದ್ದಾನೆ ನನ್ನೊಟ್ಟಿಗೆ. ಅವ ಯಾರ ಕಡೆ ಅಂತ ಗೊತ್ತಿಲ್ಲ."

ಕ್ಯಾಸೆಟ್ ಅರ್ಧಕ್ಕೆ ನಿಲ್ಲುವ ಗುಟ್ಟು ನನಗೆ ಅಲ್ಲಿಯೇ ಗೊತ್ತಾಯಿತು. ಕೋಯ ಎಂಬ ಮಲಯಾಳಿ ಗುಮಾಸ್ತ ಕೋಣೆಗೆ ಬಂದ ಕೂಡಲೇ ಭಾವ ಟೇಪ್ ರೆಕಾರ್ಡರ್ ಬಂದ್ ಮಾಡುತ್ತಿದ್ದರು, ಅಷ್ಟೇ. ಇನ್ನೊಂದು ಮನೆಯೂ ಇರಲಿಲ್ಲ, ಮತ್ತೊಂದೂ ಇರಲಿಲ್ಲ. ಅಕ್ಕನ ಕೆಲಸ ಮೊದಲ ದಿನವೇ ಮುಗಿಯಿತಲ್ಲ ಎಂದು ಸಮಾಧಾನವಾಯಿತು. ಆದರೆ ಯಾರ ಕಡೆ ಎಂದರೆ ಏನು, ಇಲ್ಲಿ ಎಷ್ಟು ಕಡೆಗಳಿವೆ ಎಂದು ಕೇಳಿದೆ.

ಭಾವ ಹೇಳಿದ್ದರ ಸಾರಾಂಶ ಇದು. ಅರ್ಬಾಬ್‌ಗೆ ಮೂವರು ಹೆಂಡತಿಯರಿಂದ ಮೂವರು ಮಕ್ಕಳು. ತೀರಿಹೋದ ಮೊದಲನೆಯವಳ ಮಗಳು ಲತೀಫಾ. ನಲವತ್ತು ದಾಟಿದವಳು, ಈಸಾ ಟೌನಿನಲ್ಲಿ ಮನೆ, ಇಂಗ್ಲಿಷ್ ಕಲಿತವಳು, ಅಪ್ಪನ ಲೆಕ್ಕಪತ್ರವೆಲ್ಲ ಅವಳ ಕೈಯಲ್ಲಿ. ತಲಾಖ್ ಆದ ಎರಡನೆಯವಳ ಮಗ ಜಾಸಿಮ್. ಮೂವತ್ತರವನು, ಗೋದಾಮೂ ಟುಬ್ಲಿಯ ಗ್ಯಾರೇಜೂ ಅವನ ಉಸ್ತುವಾರಿ. ಈಗಿರುವ ಮೂರನೆಯವಳ ಮಗ ಇನ್ನೂ ತೊಟ್ಟಿಲಿನಿಂದ ಇಳಿದು ಹೆಚ್ಚು ಕಾಲವಾಗಿರಲಿಲ್ಲ. ಮುದುಕನಿಗೆ ಕಾಯಿಲೆ. ಆಸ್ತಿ ಧರ್ಮಶಾಸ್ತ್ರದ ಪ್ರಕಾರ ಪಾಲಾಗುತ್ತದೆ, ಅದರಲ್ಲಿ ಜಗಳವಿಲ್ಲ. ಆದರೆ ಹಡಗುಗಳಿಗೆ ಸಾಮಾನು ಒದಗಿಸುವ ಆ ವ್ಯಾಪಾರವನ್ನು ನಡೆಸುವವರು ಯಾರು, ಕೆಲಸಗಾರರ ವೀಸಾ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮುದುಕ ಬಾಯಿ ಬಿಟ್ಟು ಹೇಳಿರಲಿಲ್ಲ. ಯಾರೇ ಬಂದರೂ ತಮಗಾಗದವರನ್ನು ಊರಿಗೆ ಕಳಿಸುತ್ತಾರೆ ಎಂದು ಎಲ್ಲರಿಗೂ ಭಯ. ಅಕ್ಕನ ಮನೆಯ ಒಲೆ ಉರಿಯುವುದು ಇದರ ಮೇಲೆಯೇ.

ನನಗೆ ಬೆವರಿನ ನಡುವೆಯೂ ಮೈ ಜುಮ್ಮೆಂದಿತು. ಮೂವರು ಹೆಂಡತಿಯರು, ಮೂವರು ಮಕ್ಕಳು, ದೊಡ್ಡವಳು ಮಗಳು, ಕಾಯಿಲೆಯ ಅಪ್ಪ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಮನೆಯನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೆನೋ ಲೆಕ್ಕವಿಲ್ಲ. ಆ ವಂಶವೃಕ್ಷ ಮೀನಾ ಸಲ್ಮಾನಿನ ಹಗ್ಗ, ಪೇಂಟು, ಈರುಳ್ಳಿ ಚೀಲಗಳ ನಡುವೆ ಉಸಿರಾಡುತ್ತಿದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮುಂದಿನ ಕೆಲವು ದಿನ ನಾನು ಬಹರೈನ್ ನೋಡಿದೆ ಎನ್ನುವುದಕ್ಕಿಂತ ಬಹರೈನಿನಲ್ಲಿ ಜನ ಒಬ್ಬರನ್ನೊಬ್ಬರು ನೋಡುವುದನ್ನು ನೋಡಿದೆ. ಬೆಳಿಗ್ಗೆ ಇರಾನಿಯ ತಂದೂರಿನಿಂದ ತಂದ ಬಿಸಿ ರೊಟ್ಟಿ, ಸಣ್ಣ ಗ್ಲಾಸಿನ ಕಪ್ಪು ಚಹಾ. ಆಮೇಲೆ ಗೋದಾಮಿನ ಬಾಗಿಲಲ್ಲಿ ಸಲಾಮಿನ ನಾಟಕ. ಜಾಸಿಮ್‌ನ ಕಾರು ಬಂದರೆ ಎಲ್ಲರೂ ಎದ್ದು ಸಲಾಂ ಹೇಳುತ್ತಿದ್ದರು, ಆದರೆ ಯಾರೂ ಮೊದಲಿಗರಾಗುತ್ತಿರಲಿಲ್ಲ. ಮೊದಲು ಹೇಳಿದವನು ಅವನ ಕಡೆಯವನೆಂದು ಲತೀಫಾಳಿಗೆ ಸುದ್ದಿ ಹೋಗುತ್ತದಂತೆ. ಕೊನೆಗೆ ಹೇಳಿದವನನ್ನು ಜಾಸಿಮ್ ಗುರುತಿಟ್ಟುಕೊಳ್ಳುತ್ತಾನಂತೆ. ಹಾಗಾಗಿ ಎಲ್ಲರೂ ಒಟ್ಟಿಗೆ ಗೊಣಗುವುದನ್ನು ರೂಢಿ ಮಾಡಿಕೊಂಡಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಒಂದು ಮಧ್ಯಾಹ್ನ ಕೋಯ ನನ್ನನ್ನು ಮನಾಮಾದ ಪೇಟೆಗೆ ಕರೆದುಕೊಂಡು ಹೋದ. ಮೆಲುಮಾತಿನ, ಚೊಕ್ಕ ಅಂಗಿಯ ಮನುಷ್ಯ. ಹಲ್ವದ ಅಂಗಡಿ, ಮುತ್ತಿನ ಅಂಗಡಿ, ಬೊಂಬಾಯಿ ಸೀರೆಯ ಅಂಗಡಿ ಎಲ್ಲ ತೋರಿಸಿದ. ಚಹಾದ ದುಡ್ಡನ್ನೂ ಅವನೇ ಕೊಟ್ಟ. ದುಡ್ಡು ಕೊಟ್ಟದ್ದರಿಂದ ನನ್ನ ಅನುಮಾನ ಹೆಚ್ಚಿತು. ಭಾವನನ್ನು ಅವನು ಕರೆಯುತ್ತಿದ್ದದ್ದು ಹಸನಿಕ್ಕ ಎಂದು. ಹಸನಿಕ್ಕ ರಾತ್ರಿ ನಿದ್ರೆಯಲ್ಲಿ ಮಾತಾಡುತ್ತಾರೆ, ಊರಿನಲ್ಲೂ ಹಾಗೆಯೇ ಇದ್ದರಾ ಎಂದು ಹಿಂದಿಯಲ್ಲಿ ಕೇಳಿದ. ನನಗೆ ತಿಳಿಯದು ಎಂದೆ. ಯಾರೋ ಒಬ್ಬ ಬೇರೆಯವನ ನಿದ್ರೆಗೆ ಕಿವಿಗೊಟ್ಟು ಎಚ್ಚರವಿರುತ್ತಾನೆ ಎಂದು ತಿಳಿದ ಮೇಲೆ ನನಗೂ ಅಂದು ನಿದ್ರೆ ಬರಲಿಲ್ಲ.

ಅದೇ ವಾರ ಗೋದಾಮಿನಲ್ಲಿ ಗುಸುಗುಸು ಎದ್ದಿತು. ಮುಹರ್ರಕ್‌ನ ಮನೆಯಲ್ಲಿ ಅರ್ಬಾಬ್‌ನನ್ನು ಹೊರಗಿನವರು ನೋಡಿ ಬಹಳ ದಿನವಾಯಿತು. ಊಟದ ತಟ್ಟೆ ಒಳಗೆ ಹೋಗುತ್ತದೆ, ಖಾಲಿಯಾಗಿ ಹೊರಗೆ ಬರುತ್ತದೆ. ಆದರೆ ಉಂಡವರು ಯಾರು? ಈ ಮಾತು ಕೇಳಿ ನಾನು ಭಾವನ ಕಿವಿಯಲ್ಲಿ ಹೇಳಿಯೇಬಿಟ್ಟೆ: ಎಂಟನೆಯ ಹೆನ್ರಿ ಸತ್ತಾಗ ಸುದ್ದಿಯನ್ನು ಮೂರು ದಿನ ಮುಚ್ಚಿಟ್ಟಿದ್ದರು, ಹೆಣವಿದ್ದ ಕೋಣೆಗೆ ಹೊತ್ತು ಹೊತ್ತಿಗೆ ತುತ್ತೂರಿ ಊದಿ ಊಟ ಒಯ್ಯುತ್ತಿದ್ದರು. ಭಾವನ ಮುಖ ಬಿಳುಚಿತು. ಈ ಕತೆಯನ್ನು ಇಲ್ಲಿ ಇನ್ನೊಮ್ಮೆ ಬಾಯಿಗೆ ತರಬೇಡ ಎಂದು ಕೈ ಮುಗಿಯುವುದೊಂದು ಬಾಕಿ.

ಆದರೆ ಕತೆಯನ್ನು ಬಾಯಿಗೆ ತರುವುದಕ್ಕೇ ನನ್ನನ್ನು ಕರೆಸಿದ್ದು. ಶುಕ್ರವಾರದ ನಮಾಜಿನ ಮೇಲೆ ಕರೆ ಬಂತು. ದಾರಿಯಲ್ಲಿ ಭಾವ ಒಪ್ಪಿಸಿದರು: ಮುದುಕನಿಗೆ ಕತೆ ಎಂದರೆ ಪ್ರಾಣ, ಅರಬಿ ಕತೆಗಳೆಲ್ಲ ಕೇಳಿ ಮುಗಿದಿತ್ತು, ನನ್ನ ಹೆಂಡತಿಯ ತಮ್ಮನಿಗೆ ಇಂಗ್ಲೆಂಡಿನ ರಾಜರ ಕತೆ ಬಾಯಿಪಾಠ ಎಂದು ಇವರು ಒಮ್ಮೆ ಕೊಚ್ಚಿಕೊಂಡಿದ್ದರು. ಇಂಗ್ಲಿಷರು ಇಷ್ಟು ವರ್ಷ ನಮಗೆ ಬುದ್ಧಿ ಹೇಳಿ ಹೋದರು, ಅವರ ಮನೆಯಾದರೂ ನೆಟ್ಟಗಿತ್ತೋ ನೋಡೋಣ, ಎಂದು ಮುದುಕ ಟಿಕೇಟು ಮಾಡಿಸಿದನಂತೆ. ಇದನ್ನು ನಾನು ಪೂರ್ತಿ ನಂಬಲಿಲ್ಲ, ಆದರೆ ಬೇರೆ ಕಾರಣವೂ ಹೊಳೆಯಲಿಲ್ಲ.

ಮುಹರ್ರಕ್‌ನ ಹಳೆಯ ಗಲ್ಲಿಯಲ್ಲಿ ದಪ್ಪ ಗೋಡೆಯ ಮನೆ. ಉದ್ದನೆಯ ಕೋಣೆ, ಗೋಡೆಯ ಸುತ್ತ ದಿಂಬುಗಳು, ಏಸಿಯ ಗುರುಗುರು. ಅರ್ಬಾಬ್ ಬದುಕಿದ್ದ. ಒಣಗಿದ ಸಣ್ಣ ದೇಹ, ಮುಚ್ಚಿದ ಕಣ್ಣು, ಕೈಯಲ್ಲಿ ಜಪಮಣಿ. ಬಲಗಡೆ ಜಾಸಿಮ್ ಕೂತಿದ್ದ. ಒಳಮನೆಯ ಬಾಗಿಲು ಅರ್ಧ ತೆರೆದಿತ್ತು, ಪರದೆ ಇಳಿಬಿಟ್ಟಿತ್ತು. ಅದರ ಕೆಳಗೆ ಒಂದು ಜೊತೆ ಹೆಂಗಸಿನ ಚಪ್ಪಲಿ ಕಾಣುತ್ತಿತ್ತು. ಏಲಕ್ಕಿ ಹಾಕಿದ ಕಾಫಿ ಬಂತು. ಸುರಿಯುವವನು ಮೊದಲು ಅರ್ಬಾಬ್‌ಗೆ, ಆಮೇಲೆ ಅತಿಥಿಯಾದ ನನಗೆ ಕೊಟ್ಟು, ಮೂರನೆಯ ಬಟ್ಟಲು ಮಗನಿಗೋ ಪರದೆಯ ಆಚೆಗೋ ಎಂಬಲ್ಲಿ ಒಂದು ಕ್ಷಣ ತಡೆದ. ಕೋಣೆಯಲ್ಲಿದ್ದವರೆಲ್ಲ ಆ ಹೂಜಿಯ ಮೂತಿಯನ್ನೇ ನೋಡುತ್ತಿದ್ದರು. ಅದು ಜಾಸಿಮ್‌ನ ಕಡೆ ಬಾಗಿತು.

ನಾನು ಕನ್ನಡದಲ್ಲಿ ಹೇಳುವುದು, ಭಾವ ಅರಬಿಗೆ ತಿರುಗಿಸುವುದು ಎಂದು ಏರ್ಪಾಡಾಗಿತ್ತು. ಕತೆಗೆ ಕೂತರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಹೆನ್ರಿಯ ಮೊದಲ ಹೆಂಡತಿಗೆ ಮೇರಿ ಹುಟ್ಟಿದ್ದು. ಗಂಡು ಬೇಕೆಂದು ಅವಳನ್ನು ಬಿಡುವುದಕ್ಕೆ ರಾಜ ಪೋಪನ ಜೊತೆಗೇ ಜಗಳಾಡಿದ್ದು. ಎರಡನೆಯವಳಿಗೆ ಎಲಿಜಬೆತ್ ಹುಟ್ಟಿದ್ದು, ಮೂರು ವರ್ಷದೊಳಗೆ ಆ ತಾಯಿಯ ತಲೆ ಹಾರಿದ್ದು. ಮೂರನೆಯವಳು ಎಡ್ವರ್ಡನನ್ನು ಹೆತ್ತು ಬಾಣಂತನದಲ್ಲೇ ಹೋದದ್ದು. ಹೆಣ್ಣುಮಕ್ಕಳಿಬ್ಬರೂ ಹಕ್ಕಿನವರಲ್ಲ ಎಂದು ಸಾರಿದ ಅದೇ ಅಪ್ಪ, ಕೊನೆಗಾಲದಲ್ಲಿ ಮನಸ್ಸು ಬದಲಿಸಿ ಎಡ್ವರ್ಡನ ಹಿಂದೆ ಮೇರಿ, ಮೇರಿಯ ಹಿಂದೆ ಎಲಿಜಬೆತ್ ಎಂದು ಸಾಲು ಹಾಕಿ ಸತ್ತದ್ದು. ಒಂಬತ್ತು ವರ್ಷದ ಎಡ್ವರ್ಡ್ ಪಟ್ಟಕ್ಕೆ ಬಂದು ಹದಿನೈದಕ್ಕೇ ತೀರಿಹೋದದ್ದು. ಸಾಯುವ ಮೊದಲು ಅವನಿಂದಲೇ ಅಕ್ಕಂದಿರ ಹೆಸರು ಹೊಡೆಸಿ, ನಂಟರ ಹುಡುಗಿ ಜೇನ್ ಗ್ರೇಯ ಹೆಸರು ಬರೆಸಿದ್ದು. ಬರೆಸಿದ, ಹುಡುಗನ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದ ಡ್ಯೂಕ್ ಅದಕ್ಕೆ ಮುಂಚೆಯೇ ಅವಳಿಗೆ ತನ್ನ ಮಗನನ್ನು ಕಟ್ಟಿದ್ದು. ಒಂಬತ್ತು ದಿನದ ಆ ರಾಣಿಯನ್ನು ಇಳಿಸಿ ಮೇರಿ ಬಂದದ್ದು, ಮೇರಿಯ ಮೇಲೆ ಎಲಿಜಬೆತ್ ಬಂದದ್ದು. ಎಲ್ಲವನ್ನೂ ಹೇಳಿದೆ. ತುತ್ತೂರಿಯ ಊಟವೊಂದನ್ನು ಮಾತ್ರ ಭಾವನ ಮುಖ ನೋಡಿ ಬಿಟ್ಟೆ.

ನಾನು ಹತ್ತು ಮಾತು ಆಡಿದರೆ ಭಾವ ಎರಡು ಆಡುತ್ತಿದ್ದರು. ಅರಬಿ ಅಷ್ಟು ಅಡಕವಾದ ಭಾಷೆಯೋ ಎಂದುಕೊಂಡೆ. ಜಾಸಿಮ್ ಮೀಸೆಯಡಿ ನಗುತ್ತಿದ್ದ, ತಲೆದೂಗುತ್ತಿದ್ದ. ಹುಡುಗ ರಾಜ ಸತ್ತ ಕಡೆಯಲ್ಲಿ ಅವನು ಇನ್ನೂ ಹೆಚ್ಚು ಖುಷಿಪಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು. ಮುದುಕ ಕಣ್ಣು ತೆರೆಯಲಿಲ್ಲ. ಆದರೆ ನಾನು ಎಲಿಜಬೆತ್ ಎಂದಾಗಲೆಲ್ಲ ಮಣಿ ಎಣಿಸುವ ಬೆರಳು ನಿಲ್ಲುತ್ತಿತ್ತು. ಪರದೆಯ ಕೆಳಗಿನ ಚಪ್ಪಲಿಗಳೂ ಕದಲದೆ ಹಾಗೆಯೇ ಇದ್ದವು.

ವಾಪಸು ಬರುವಾಗ ಪಿಕಪ್ಪಿನಲ್ಲಿ ಕೇಳಿದೆ, ಎಡ್ವರ್ಡ್ ಸತ್ತಾಗ ಜಾಸಿಮ್ ಯಾಕೆ ನಕ್ಕ?

"ಸಾಯಲಿಲ್ಲ," ಎಂದರು ಭಾವ, ರಸ್ತೆ ನೋಡುತ್ತ.

"ಯಾರು?"

"ಎಡ್ವರ್ಡ್. ಅರಬಿಯಲ್ಲಿ ಅವ ಬದುಕಿದ. ಅಪ್ಪನ ಹೆಸರು ಉಳಿಸಿದ. ನಾಲ್ಕು ಗಂಡು ಮಕ್ಕಳಾದ್ವು."

"ಮಕ್ಕಳು ಬೇರೆ ಮಾಡಿದ್ರಾ ನೀವು? ಮೇರಿ ಎಲ್ಲಿ ಹೋದಳು, ಎಲಿಜಬೆತ್ ಎಲ್ಲಿ ಹೋದಳು?"

"ಅವರು ಹುಟ್ಟಲೇ ಇಲ್ಲ." ಭಾವ ಗಾಡಿಯ ವೇಗ ಇಳಿಸಿದರು. "ಮಗ ಎದುರು ಕೂತಿದ್ದಾನೆ. ಮಗ ಸತ್ತ, ಪಟ್ಟ ಅಕ್ಕಂದಿರಿಗೆ ಹೋಯ್ತು ಅಂತ ಅಪ್ಪನ ಹತ್ರ ನಾನು ಹೇಳ್ಬೇಕಾ? ನಿನಗೆ ಎಂತ, ತಪ್ಪಿದ್ರೆ ಹುಡುಗರಿಗೆ ಮಾರ್ಕ್ ಹೋಗ್ತದೆ. ನನಗೆ ತಪ್ಪಿದ್ರೆ ವೀಸಾ ಹೋಗ್ತದೆ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಇಬ್ಬರು ರಾಣಿಯರನ್ನು ಈ ಮನುಷ್ಯ ಒಂದು ಬಟ್ಟಲು ಕಾಫಿ ಆರುವುದರೊಳಗೆ ಇಲ್ಲ ಮಾಡಿದ್ದ. ಆದರೆ ಅವರ ಭಯ ಸುಳ್ಳಾಗಿರಲಿಲ್ಲ, ಅದನ್ನೂ ಒಪ್ಪಬೇಕು. ಪರದೆಯ ಹಿಂದೆ ಕೂತವಳಿಗೆ ಇಂಗ್ಲಿಷ್ ಗೊತ್ತಲ್ಲ, ಇಂಗ್ಲೆಂಡಿನ ಕತೆ ಗೊತ್ತಿರಲಿಕ್ಕಿಲ್ಲವೇ ಎಂದು ಕೇಳಿದೆ. ಭಾವ ಗಾಡಿಯ ವೇಗ ಮತ್ತೆ ಏರಿಸಿದರು; ಅವರದು ಜಾಸಿಮ್‌ನ ಮೇಲೆ ಜೂಜು ಕಟ್ಟಿಯಾಗಿತ್ತು.

ಎರಡು ದಿನ ಕಳೆದು ಬೆಳಿಗ್ಗೆ ಒಂದು ಕಾರು ಬಂತು, ನನ್ನೊಬ್ಬನಿಗೆ ಮಾತ್ರ. ಭಾವನನ್ನು ಆಗಷ್ಟೇ ಬಂದರಿಗೆ, ಹೊರಡಲಿದ್ದ ಹಡಗಿನ ಸಾಮಾನು ಏರಿಸುವುದಕ್ಕೆ ಕಳಿಸಿದ್ದರು. ಇದು ಕಾಕತಾಳೀಯ ಎಂದು ನಂಬುವಷ್ಟು ನಾನು ಹಸುಳೆಯಲ್ಲ. ದಾರಿಯುದ್ದಕ್ಕೂ ಎಡ್ವರ್ಡನ ಅಕ್ಕ ಮೇರಿಯ ನೆನಪಾಯಿತು. ತಮ್ಮನಿಗೆ ಹುಷಾರಿಲ್ಲ, ಬಾ ಎಂದು ಕರೆ ಬಂದಾಗ ಅವಳು ಹೊರಟಿದ್ದಳು. ಇದು ಬಲೆ ಎಂದು ನಡುದಾರಿಯಲ್ಲಿ ಸುಳಿವು ಸಿಕ್ಕಿ ಕುದುರೆ ತಿರುಗಿಸಿದಳು, ಹಾಗಾಗಿ ಉಳಿದಳು. ನನಗೆ ತಿರುಗಿಸುವುದಕ್ಕೆ ಕುದುರೆಯೂ ಇರಲಿಲ್ಲ, ಅರಬಿಯೂ ಬರುತ್ತಿರಲಿಲ್ಲ.

ಅದೇ ಕೋಣೆ. ಜಾಸಿಮ್ ಇರಲಿಲ್ಲ. ಪರದೆ ಸರಿಸಿತ್ತು, ಕಪ್ಪು ಅಬಾಯ ಹೊದ್ದು, ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು ಅಪ್ಪನ ಪಕ್ಕದಲ್ಲಿ ನೆಟ್ಟಗೆ ಕೂತಿದ್ದಳು. ಅವಳೇ ಲತೀಫಾ. ಮುದುಕನ ಕಣ್ಣು ಈಗ ಪೂರ್ತಿ ತೆರೆದಿತ್ತು.

"ಬೈಠೋ, ಮಾಸ್ಟರ್," ಎಂದ.

ನಾನು ಕೂರುವುದನ್ನೇ ಮರೆತೆ. ಭಿಂಡಿ ಬಜಾರಿನ ಅಪ್ಪಟ ಹಿಂದೂಸ್ತಾನಿ! ಹರೆಯದಲ್ಲಿ ಅಪ್ಪನ ಜೊತೆ ಮುತ್ತು ಮಾರುವುದಕ್ಕೆ ಬೊಂಬಾಯಿಗೆ ಹೋಗಿ ವರ್ಷಗಳು ಅಲ್ಲಿಯೇ ಇದ್ದನಂತೆ. ಆಮೇಲೆ ಇಲ್ಲಿ ಎಲ್ಲರ ಮುಂದೆ ಆ ಭಾಷೆಯನ್ನು ಮರೆತವನಂತೆ ಇದ್ದುಬಿಟ್ಟ. ಕೆಲಸಗಾರರು ಅವನ ಎದುರಿಗೇ ಹಿಂದಿಯಲ್ಲಿ ಏನೇನು ಆಡಿಕೊಂಡರೋ ಅಷ್ಟನ್ನೂ ಜಪಮಣಿ ಎಣಿಸುತ್ತ ಕೇಳಿಸಿಕೊಂಡ. ಸಲಾಮಿನ ನಾಟಕ, ತಟ್ಟೆಯ ಗುಸುಗುಸು ಎಲ್ಲ ಅವನಿಗೆ ಗೊತ್ತಿತ್ತು. ಅನುಮಾನದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಈ ಮನುಷ್ಯನ ಮುಂದೆ ನಾನು ಬಾಲವಾಡಿ.

"ಎಲಿಜಬೆತ್ ಅಂತ ಎಷ್ಟೋ ಸಲ ಹೇಳಿದೆಯಲ್ಲ," ಎಂದು ಮುದುಕ ಕೇಳಿದ. "ಅದು ನಮ್ಮ ಹಳೆಯ ಸ್ಟಾಂಪಿನ ಮೇಲೆ ಇದ್ದ ರಾಣಿಯ ಹೆಸರು. ಹಸನ್ ಹೇಳಿದ ಕತೆಯಲ್ಲಿ ಒಂದೇ ಒಂದು ಹೆಂಗಸಿನ ಹೆಸರು ಇಲ್ಲ. ನಿನ್ನ ಕತೆಗೆ ಅವಳು ಎಲ್ಲಿಂದ ಬಂದಳು?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಈಗಿನ ರಾಣಿಯ ಹೆಸರನ್ನು ಸುಮ್ಮನೆ ಉದಾಹರಣೆಗೆ ಹೇಳಿದೆ ಎಂದಿದ್ದರೆ ಭಾವ ಪಾರಾಗುತ್ತಿದ್ದರು. ಆದರೆ ಲತೀಫಾಳ ಮುಖ ನೋಡಿದೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಗೊತ್ತಿರುವ ಪರೀಕ್ಷಕರ ಮುಖ ಅದು. ನಾನೂ ಎಷ್ಟೋ ಸಲ ಅದೇ ಮುಖ ಹಾಕಿಕೊಂಡು ಕೂತಿದ್ದೇನೆ. ಸುಳ್ಳು ಹೇಳಿದರೆ ಭಾವನ ಜೊತೆ ನಾನೂ ಮುಳುಗುತ್ತಿದ್ದೆ. ಸತ್ಯವನ್ನೇ ಹೇಳಿದೆ. ಸತ್ಯದ ಮೇಲಿನ ಪ್ರೀತಿಗಿಂತ ಆ ಕನ್ನಡಕದ ಹೆದರಿಕೆಯೇ ನನ್ನಿಂದ ಹೇಳಿಸಿತು.

ಕತೆ ಮೊದಲಿನಿಂದ ಮತ್ತೆ ಆಯಿತು, ಈ ಸಲ ಹಿಂದೂಸ್ತಾನಿಯಲ್ಲಿ. ಹುಡುಗ ರಾಜ ಸತ್ತ ಎಂದಾಗ ಮುದುಕ "ಹದಿನೈದು?" ಎಂದು ಕೇಳಿ ಕೈಯೆತ್ತಿ ಚಿಕ್ಕದೊಂದು ಪ್ರಾರ್ಥನೆ ಮಾಡಿದ. ಸತ್ತು ನಾನೂರು ವರ್ಷ ದಾಟಿದ ಹುಡುಗನಿಗೆ ಹೀಗೆ ಮರುಗಿದವರನ್ನು ನಾನು ನೋಡಿರಲಿಲ್ಲ. ಎಲಿಜಬೆತ್ ಕೊನೆಯವರೆಗೂ ತನ್ನ ಹಿಂದೆ ಯಾರು ಎಂದು ಹೇಳಲಿಲ್ಲ, ಹೇಳಿದರೆ ಬದುಕಿರುವಾಗಲೇ ತನ್ನ ಕಫನನ್ನು, ಹೆಣಕ್ಕೆ ಸುತ್ತುವ ಬಟ್ಟೆಯನ್ನು, ಕಣ್ಣೆದುರು ಹಾಸಿಕೊಂಡಂತೆ ಎಂದು ಅವಳ ಅಭಿಪ್ರಾಯವಾಗಿತ್ತು ಎಂದಾಗ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು, ಲತೀಫಾ ನೀರು ಕುಡಿಸಿದಳು. ಅದನ್ನೇ ನಾನೂ ಇವರಿಗೆಲ್ಲ ಹೇಳುತ್ತಿರುವುದು, ಎಂದು ಮಗಳ ಕಡೆ ನೋಡಿ ಹೇಳಿ 'ಇನ್ನು ಸಾಕು' ಎಂದು ಕಣ್ಣು ಮುಚ್ಚಿದ.

ಬಾಗಿಲವರೆಗೆ ಲತೀಫಾ ಬಂದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: ಅಕ್ಕಂದಿರ ಹೆಸರು ಹೊಡೆದು ಹಾಕಿದ ಆ ಕಾಗದಕ್ಕೆ ಸಹಿ ಮಾಡಿದವರು ಇದ್ದರಲ್ಲ, ಅವರನ್ನು ಆಮೇಲೆ ಏನು ಮಾಡಿದರು?

ಅವಳು ಕೇಳಿದ್ದು ಯಾರ ಬಗ್ಗೆ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಉಳ್ಳಾಲದಲ್ಲಿ ಕೂತಿದ್ದ ಅಕ್ಕನ ಅನ್ನ ಈಗ ನನ್ನ ಬಾಯಿಂದ ಬರುವ ಮಾತಿನ ಮೇಲೆ ನಿಂತಿತ್ತು. ಮೇರಿ ಮುಖ್ಯಸ್ಥನಾದ ಡ್ಯೂಕನ ತಲೆ ತೆಗೆಸಿದಳು, ಹೆಚ್ಚಿನವರನ್ನು ಕ್ಷಮಿಸಿದಳು, ಎಂದೆ. ಸಹಿ ಹಾಕಿದವರಲ್ಲಿ ಸೆಸಿಲ್ ಎಂಬವನೊಬ್ಬನಿದ್ದ. ಎಲಿಜಬೆತ್ ಪಟ್ಟಕ್ಕೆ ಬಂದಾಗ ಅವನನ್ನೇ ತನ್ನ ಮುಖ್ಯ ಮಂತ್ರಿಯಾಗಿ ಮಾಡಿಕೊಂಡಳು. ಸಾಯುವವರೆಗೆ, ನಲವತ್ತು ವರ್ಷ, ಅವನು ಅವಳ ಸೇವೆಯಲ್ಲೇ ಇದ್ದ. ಇದು ಶುದ್ಧ ಇತಿಹಾಸ, ನನ್ನ ಕಲ್ಪನೆ ಒಂದಕ್ಷರವೂ ಇಲ್ಲ.

"ನಂಬಿದಳೇ?" ಎಂದು ಲತೀಫಾ ಕೇಳಿದಳು.

ಅಲ್ಲಿಗೇ ಹೌದು ಎಂದು ನಿಲ್ಲಿಸಬೇಕಿತ್ತು. ಆದರೆ ಮೇಷ್ಟ್ರ ಬಾಯಿ, ಗಂಟೆ ಹೊಡೆದರೂ ನಿಲ್ಲುವುದಿಲ್ಲ. "ನಂಬಿದಳು. ಆದರೆ ಯಾರೊಬ್ಬರನ್ನೇ ನಂಬಿ ಕೂರಲಿಲ್ಲ. ಪ್ರತಿಯೊಬ್ಬನ ಪಕ್ಕದಲ್ಲೂ ಇನ್ನೊಬ್ಬ ಇರುವಂತೆ ನೋಡಿಕೊಂಡಳು," ಎಂದೆ.

ಲತೀಫಾ ತಲೆಯಾಡಿಸಿ, ನನ್ನ ಮನೆಯವರಿಗೆಂದು ಒಂದು ಡಬ್ಬಿ ಹಲ್ವ ಕೊಟ್ಟಳು.

ನಾನು ಹೊರಡುವ ಹಿಂದಿನ ದಿನ ಗೋದಾಮಿಗೆ ಒಬ್ಬ ಹಡಗಿನ ಕ್ಯಾಪ್ಟನ್ ಬಂದಿದ್ದ. ಮಾತುಕತೆಗೆ ಲತೀಫಾ ಸ್ವತಃ ಬಂದಳು. ಅವಳು ಹೀಗೆ ಎಲ್ಲರೆದುರು ಬಂದು ಕೂತದ್ದು ಅದೇ ಮೊದಲಂತೆ. ಜಾಸಿಮ್ ಟುಬ್ಲಿಯ ಗ್ಯಾರೇಜಿನಲ್ಲಿ ಕೆಲಸವಿದೆ ಎಂದು ಹೋಗಿದ್ದ. ಕ್ಯಾಪ್ಟನ್ನನ ಹಿಂದಿಯನ್ನು ಭಾವ ಯಾವಾಗಿನಂತೆ ಅರಬಿಗೆ ತಿರುಗಿಸಲು ಶುರುಮಾಡಿದರು. ಆಗ ಅವಳು ಕೋಯನನ್ನು ಕರೆದು ಭಾವನ ಪಕ್ಕದ ಕುರ್ಚಿ ತೋರಿಸಿದಳು. ಕೋಯ ಬಂದು ಕೂತ. ಮಾತಾಡಲಿಲ್ಲ, ಬರೆದುಕೊಳ್ಳಲಿಲ್ಲ, ಮಂಡಿಯ ಮೇಲೆ ಕೈಯಿಟ್ಟು ಭಾವನ ತುಟಿಯನ್ನು ನೋಡುತ್ತ ಕೇಳಿದ. ಭಾವ ಅಂದು ಕ್ಯಾಪ್ಟನ್ ಕೆಮ್ಮಿದ್ದನ್ನೂ ಬಿಡದೆ ತಿರುಗಿಸಿದರು. ಇನ್ನು ಮುಂದೆ ಯಾವಾಗಲೂ ಹೀಗೆಯೇ ಎಂದು ಸಂಜೆ ಹುಕುಂ ಬಂತು. ಅದೇ ಸಂಜೆ ಭಾವನ ವೀಸಾ ಮತ್ತೆ ಎರಡು ವರ್ಷಕ್ಕೆ ಮುಂದುವರಿದ ಸುದ್ದಿಯೂ ಬಂತು. ಮುದುಕ ಮಾತ್ರ ಇನ್ನೂ ಯಾರ ಹೆಸರನ್ನೂ ಹೇಳಿರಲಿಲ್ಲ.

ವಿಮಾನ ನಿಲ್ದಾಣದ ದಾರಿಯಲ್ಲಿ, ದೂರದಲ್ಲಿ ಹಡಗುಗಳ ಹೊಗೆ ಕಾಣುತ್ತಿದ್ದಾಗ ಭಾವ ಕೇಳಿದರು.

"ಅವತ್ತು ಅವಳು ನಿನ್ನ ಹತ್ರ ಎಂತ ಕೇಳಿದ್ದು?"

"ಇತಿಹಾಸ," ಎಂದೆ.

"ನೀನೆಂತ ಹೇಳಿದ್ದು?"

"ಪುಸ್ತಕದಲ್ಲಿ ಇದ್ದದ್ದು."

ಅವರು ನನ್ನನ್ನು ಒಮ್ಮೆ ನೋಡಿದರು, ಮತ್ತೆ ರಸ್ತೆ ನೋಡಿದರು. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ನಿಲ್ದಾಣದ ಬಾಗಿಲಲ್ಲಿ ಅಕ್ಕನಿಗೆಂದು ಒಂದು ಸೀರೆ ಕೊಟ್ಟರು. ಕ್ಯಾಸೆಟ್ ಎಲ್ಲಿ ಎಂದು ಕೇಳಿದೆ. "ಇನ್ನು ಕೋಣೆಯಲ್ಲಿ ಟೇಪ್ ಇಡೋದಿಲ್ಲ. ಈ ಸಲ ನೀನೇ ಕ್ಯಾಸೆಟ್. ಎಲ್ಲ ಹೇಳು ಅವಳಿಗೆ," ಎಂದರು. ಗಾಜಿನ ಆಚೆಗೆ ಬಹಳ ಹೊತ್ತು ನಿಂತಿದ್ದರು. ಆಚೀಚೆ ಯಾರಾದರೂ ನೋಡುತ್ತಿದ್ದಾರೋ ಎಂದು ನೋಡಿ, ಆಮೇಲೆ ಕೈ ಬೀಸಿದರು.

ಬೊಂಬಾಯಿ, ಬಸ್ಸು, ಮೂರನೆಯ ದಿನ ಉಳ್ಳಾಲ. ಅಕ್ಕ ಹಲ್ವದ ಡಬ್ಬಿ ಬದಿಗಿಟ್ಟು ನನ್ನೆದುರು ಕೂತಳು. ನಾನು ಹೇಳಿದೆ. ಇನ್ನೊಂದು ಮನೆ ಇಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕು, ಎಂದೆ. ಕೆಲಸ ಗಟ್ಟಿ, ವೀಸಾ ಮುಂದುವರಿದಿದೆ, ಧಣಿಯ ಮಗಳಿಗೆ ಭಾವನ ಮೇಲೆ ವಿಶ್ವಾಸ, ಎಂದೆ. ಸೊರಗಿದ್ದು ಶೆಕೆಗೆ, ಎಂದೆ. ಕೋಯನ ಹೆಸರು ಎತ್ತಲಿಲ್ಲ. ಅವನು ಕೂರುವ ಕುರ್ಚಿಯ ಮಾತು ಬರಲಿಲ್ಲ, ಆ ಕುರ್ಚಿ ಅಲ್ಲಿಗೆ ಯಾರ ಬಾಯಿಂದ ಬಂತೆಂಬ ಮಾತೂ ಬರಲಿಲ್ಲ. ನನ್ನ ಅಕ್ಕನ ಪಾಲಿಗೆ ಕೋಯ ಹುಟ್ಟಲೇ ಇಲ್ಲ.

ನಾನು ಮುಗಿಸಿದೆ. ಅಕ್ಕ ಏಳಲಿಲ್ಲ. ಸೀರೆಯ ಮಡಿಕೆಯ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡುತ್ತ, ಖಾಲಿ ಟೇಪು ಕೇಳುವಾಗ ಕೂರುವಂತೆಯೇ ಕೂತಿದ್ದಳು.

"ಹೇಳು," ಎಂದಳು ಕೊನೆಗೆ. "ಇನ್ನು ಅರ್ಧ ಬದಿ ಉಂಟಲ್ಲ."